ಬಿಸಿಲಿನ ಹೊಳಪಿನಲ್ಲಿ ಕ್ಯಾಮೆರಾ ಕಾರಿನ ಗಾಜಿನೊಳಗೆ ನೋಡುವುದು ಹೇಗೆ?

ಓದುಗರ ಪ್ರಶ್ನೆ: ನಾನು ತುಮಕೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ನೋಡಿಕೊಳ್ಳುತ್ತೇನೆ. ಗೇಟಿಗೆ ಬರುವ ಕಾರು, ಲಾರಿಗಳಲ್ಲಿ ಎಷ್ಟು ಜನ ಇದ್ದಾರೆ, ಬೆಲ್ಟ್ ಹಾಕಿದ್ದಾರಾ ಎಂಬುದು ಚಿತ್ರದಲ್ಲಿ ಬರಬೇಕು. ಆದರೆ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಗಾಜಿನ ಜಾಗದಲ್ಲಿ ಬರೀ ಬಿಳಿ ಕಾಣಿಸುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳು ಅದೇ ಬಿಸಿಲಲ್ಲಿ ಬೆಲ್ಟ್ ಹಾಕದವರನ್ನು ಹಿಡಿಯುತ್ತವಲ್ಲ, ಅದು ಹೇಗೆ? ಒಬ್ಬ ಮಾರಾಟಗಾರರು ಜಾಸ್ತಿ ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿ ಎನ್ನುತ್ತಾರೆ. ಇನ್ನೊಬ್ಬರು ಥರ್ಮಲ್ ಕ್ಯಾಮೆರಾ ಎನ್ನುತ್ತಾರೆ. ಮೂರನೆಯವರು ಈಗಿರುವ ಕ್ಯಾಮೆರಾನೇ ಸಾಕು, ಚಿತ್ರವನ್ನು ಎಐ ಸರಿ ಮಾಡುತ್ತೆ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಮೂವರಿಗೂ ಈಗಲೇ ದುಡ್ಡು ಕೊಡಬೇಡಿ. ಹೊಳಪಿನ ತೊಂದರೆಯನ್ನು ಬೆಳಕು ಸೆನ್ಸಾರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ಮುಟ್ಟುವ ಮೊದಲೇ ಬಗೆಹರಿಸಬೇಕು. ಸೆನ್ಸಾರ್ ಮೇಲೆ ಬಿದ್ದ ನಂತರ ಬಗೆಹರಿಸಲು ಹೊರಟರೆ ತುಂಬಾ ತಡವಾಗಿರುತ್ತದೆ. ಹೆದ್ದಾರಿಯಲ್ಲಿ ಒಳ್ಳೆಯ ಚಿತ್ರ ಬರುತ್ತಿದ್ದರೆ ಅದಕ್ಕೆ ಕಾರಣ ಕ್ಯಾಮೆರಾ ಇಟ್ಟಿರುವ ಕೋನ, ಅದರ ಜೊತೆಗಿರುವ ಫ್ಲ್ಯಾಶ್ ಮತ್ತು ಲೆನ್ಸ್ ಮುಂದಿನ ಫಿಲ್ಟರ್. ನಿಮ್ಮ ಗೇಟಿನಲ್ಲಂತೂ ಹೆದ್ದಾರಿಗಿಂತ ಸುಲಭದ ದಾರಿ ಇದೆ. ಯಾಕೆಂದರೆ ಅಲ್ಲಿ ಗಾಡಿ ನಿಲ್ಲುತ್ತದೆ.

ಮೊದಲು ಒಂದು ಲೆಕ್ಕ ನೋಡೋಣ. ಫೋನಿನ ಜಾಹೀರಾತಿನಲ್ಲಿ ಸ್ಕ್ರೀನ್ ಇಷ್ಟು ನಿಟ್ಸ್ ಅಂತ ಹಾಕಿರುತ್ತಾರಲ್ಲ, ಅದೇ ಅಳತೆಯಲ್ಲಿ ಹೇಳುತ್ತೇನೆ. ಮಧ್ಯಾಹ್ನದ ನೀಲಿ ಆಕಾಶ ಸುಮಾರು 5,000 ನಿಟ್ಸ್ ಇರುತ್ತದೆ. ಬಿಸಿಲು ಬಿದ್ದ ಬಿಳಿ ಮೋಡ 20,000 ನಿಟ್ಸ್‌ವರೆಗೂ ಹೋಗಬಹುದು. ಗಾಜಿನ ಪ್ರತಿ ಮೈ, ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ವಾಪಸ್ ಕಳಿಸುತ್ತದೆ. ಗಾಜಿಗೆ ಒಳಮೈ, ಹೊರಮೈ ಎರಡೂ ಇರುವುದರಿಂದ ಶೇ 8 ಎನ್ನಿ, ಓರೆಯಾದರೆ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ಬರೀ ನೀಲಿ ಆಕಾಶದ ಪ್ರತಿಬಿಂಬವೇ 400 ನಿಟ್ಸ್ ದಾಟುತ್ತದೆ. ಮೋಡವಿದ್ದರೆ 1,600.

ಒಳಗಿನ ಕಥೆ ಬೇರೆ. ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹೊರಗೆ 1,00,000 ಲಕ್ಸ್ ಬಿಸಿಲಿದ್ದರೂ ಕಾರಿನೊಳಗೆ ನೆರಳಿನಲ್ಲಿ ಕೂತವರ ಮೇಲೆ ಬೀಳುವುದು ಒಂದೆರಡು ಸಾವಿರ ಲಕ್ಸ್. ಕಡುಬಣ್ಣದ ಅಂಗಿ ಅದರಲ್ಲಿ ಶೇ 5ರಷ್ಟನ್ನು ಮಾತ್ರ ಹೊರಗೆ ಚೆಲ್ಲುತ್ತದೆ. ಅದು ಮತ್ತೆ ಗಾಜು ದಾಟಿ ಕ್ಯಾಮೆರಾ ಕಡೆ ಬರುವಾಗ ಇನ್ನಷ್ಟು ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವುದು 25 ನಿಟ್ಸ್ ಆಸುಪಾಸು. ಆ ಅಂಗಿ ಮತ್ತು ಅದರ ಮೇಲಿನ ಕಪ್ಪು ಬೆಲ್ಟ್ ನಡುವಿನ ವ್ಯತ್ಯಾಸ ಇನ್ನೂ ಚಿಕ್ಕದು. ನೀವು ನೋಡಬೇಕಾದ್ದು ಹತ್ತು ನಿಟ್ಸ್‌ನಷ್ಟು ವ್ಯತ್ಯಾಸ. ಅದರ ಮೇಲೆ ಕೂತಿರುವುದು ನೂರಾರು ನಿಟ್ಸ್ ಆಕಾಶ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಒಳಗಿನ ಬೆಳಕೂ ಕ್ಯಾಮೆರಾಗೆ ಬಂದೇ ಬಂದಿದೆ ಅಲ್ವಾ, ಆಕಾಶದ ಪಾಲನ್ನು ಕಳೆದುಬಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಬೆಳಕು ಕಣಕಣವಾಗಿ ಬರುತ್ತದೆ, ಆ ಬರುವಿಕೆಯಲ್ಲೇ ಏರುಪೇರು ಇರುತ್ತದೆ. ಬಂದ ಬೆಳಕನ್ನು ಪಿಕ್ಸೆಲ್ ಎಲೆಕ್ಟ್ರಾನ್‌ಗಳಾಗಿ ತುಂಬಿಕೊಳ್ಳುತ್ತದೆ. ಒಂದು ಪಿಕ್ಸೆಲ್ 10,000 ಎಲೆಕ್ಟ್ರಾನ್ ತುಂಬಿಕೊಂಡರೆ ಅದರಲ್ಲಿ ಸುಮಾರು 100 ಎಲೆಕ್ಟ್ರಾನ್‌ನಷ್ಟು ಏರುಪೇರು ಸಹಜ, ಇದು ವರ್ಗಮೂಲದ ಲೆಕ್ಕ. ಬೆಲ್ಟಿಗೂ ಅಂಗಿಗೂ ಇರುವ ವ್ಯತ್ಯಾಸ 50 ಎಲೆಕ್ಟ್ರಾನ್ ಆಗಿದ್ದರೆ ಅದು ಈ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಮದುವೆ ಮನೆಯಲ್ಲಿ ಓಲಗ ಜೋರಾಗಿ ನುಡಿಯುವಾಗ ಪಕ್ಕದವರ ಪಿಸುಮಾತು ಕಿವಿಗೆ ಬಿದ್ದರೂ ಕೇಳಿಸದ ಹಾಗೆ. ಇನ್ನು ಪಿಕ್ಸೆಲ್ ಪೂರ್ತಿ ತುಂಬಿ ಬಿಳಿಯಾಗಿಬಿಟ್ಟರೆ ಕಳೆಯಲು ಏನೂ ಉಳಿದಿರುವುದಿಲ್ಲ. ನಿಮ್ಮ ಚಿತ್ರದಲ್ಲಿ ಆಗಿರುವುದು ಇದೇ.

ಮೆಗಾಪಿಕ್ಸೆಲ್ ಜಾಸ್ತಿ ಮಾಡಿದರೆ ಅದೇ ಬಿಳಿ ಇನ್ನೂ ಹೆಚ್ಚು ಚುಕ್ಕಿಗಳಲ್ಲಿ ಬರುತ್ತದೆ. ತುಂಬಾ ಬೆಳಕು, ತುಂಬಾ ಕತ್ತಲೆ ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಎಚ್‌ಡಿಆರ್ ಇದ್ದರೆ ಪಿಕ್ಸೆಲ್ ಬೇಗ ತುಂಬುವುದಿಲ್ಲ, ಅಷ್ಟರ ಮಟ್ಟಿಗೆ ಅನುಕೂಲ. ಆದರೆ ಏರುಪೇರಿನ ಲೆಕ್ಕವನ್ನು ಅದೂ ಮೀರಲಾರದು.

ಥರ್ಮಲ್ ಕ್ಯಾಮೆರಾ ಸಲಹೆಯನ್ನು ಪೂರ್ತಿ ಬಿಟ್ಟುಬಿಡಿ. ಮಾಮೂಲಿ ಥರ್ಮಲ್ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನ್ ಅಲೆಯುದ್ದದ ಶಾಖದ ಕಿರಣಗಳನ್ನು. ಕಿಟಕಿ ಗಾಜು 4–5 ಮೈಕ್ರಾನ್ ದಾಟಿದ ಮೇಲೆ ಗೋಡೆಯಿದ್ದ ಹಾಗೆಯೇ, ಏನನ್ನೂ ಒಳಗಿನಿಂದ ಹೊರಗೆ ಬಿಡುವುದಿಲ್ಲ. ಕಾರಿನ ಗಾಜಿಗೆ ಥರ್ಮಲ್ ಕ್ಯಾಮೆರಾ ಹಿಡಿದರೆ ಗಾಜು ಎಷ್ಟು ಬಿಸಿಯಾಗಿದೆ ಎಂಬುದು ಗೊತ್ತಾಗುತ್ತದೆ, ಒಳಗಿನ ಮನುಷ್ಯ ಕಾಣುವುದಿಲ್ಲ. ಸಿನಿಮಾಗಳು ಹಬ್ಬಿಸಿದ ತಪ್ಪು ಕಲ್ಪನೆ ಇದು. ಲಕ್ಷಗಟ್ಟಲೆ ಬೆಲೆಯ ಉಪಕರಣವನ್ನು ಅದರ ಮೇಲೆ ಮಾರುವುದು ಸರಿಯಲ್ಲ. ಮಾರಾಟಗಾರರಿಗೆ ಒಂದೇ ಮಾತು ಹೇಳಿ: ಮೊದಲು ಗಾಜು ಏರಿಸಿದ ನಿಮ್ಮದೇ ಕಾರಿನಲ್ಲಿ ಒಬ್ಬರನ್ನು ಕೂರಿಸಿ ತೋರಿಸಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಕ್ಯಾಮೆರಾ ಇರುವ ಜಾಗದಿಂದ ನೋಡಿದರೆ ಆ ಗಾಜಿನಲ್ಲಿ ಯಾವುದರ ಪ್ರತಿಬಿಂಬ ಕಾಣುತ್ತಿದೆ? ಎಲ್ಲ ಉತ್ತರವೂ ಇದರಲ್ಲಿದೆ. ಕ್ಯಾಟಲಾಗ್ ನೋಡುವ ಮೊದಲು ಒಂದು ಏಣಿ ಹತ್ತಿ ಇದನ್ನು ನೋಡಿ.

ಇವತ್ತಿನ ಕಾರುಗಳ ಮುಂದಿನ ಗಾಜು ತುಂಬಾ ಮಲಗಿರುತ್ತದೆ. ನೆಲಕ್ಕೆ ಸುಮಾರು 30 ಡಿಗ್ರಿ ಎಂದು ಇಟ್ಟುಕೊಳ್ಳಿ. ಕ್ಯಾಮೆರಾ ಎತ್ತರದ ಕಂಬದ ಮೇಲಿದ್ದು, ಕಾರಿನಿಂದ ನೋಡಿದಾಗ 25 ಡಿಗ್ರಿ ಮೇಲಿದೆ ಎನ್ನಿ. ಹತ್ತು ಮೀಟರ್ ದೂರದಲ್ಲಿ ಆರು ಮೀಟರ್ ಕಂಬ ಇದ್ದರೆ ಹೆಚ್ಚುಕಡಿಮೆ ಈ ಕೋನ ಬರುತ್ತದೆ. ಲೆಕ್ಕ ಹಾಕಿದರೆ, ಗಾಜು ಆ ಕ್ಯಾಮೆರಾಗೆ ತೋರಿಸುವುದು ಕಾರಿನ ನೆತ್ತಿಯ ಮೇಲಿರುವುದನ್ನು. ನೆತ್ತಿಯ ಮೇಲೆ ತೆರೆದ ಆಕಾಶವಿದ್ದರೆ ಆಕಾಶ ಕಾಣುತ್ತದೆ, ಚಾವಣಿ ಇದ್ದರೆ ಚಾವಣಿ ಕಾಣುತ್ತದೆ.

ಹಾಗಾಗಿ ನಿಮ್ಮ ಗೇಟಿಗೆ ನನ್ನ ಮೊದಲ ಸಲಹೆ, ಗಾಡಿ ನಿಲ್ಲುವ ಜಾಗದ ಮೇಲೆ ಒಂದು ತಗಡಿನ ಚಾವಣಿ ಹಾಕಿಸಿ. ಅದರ ಒಳಮೈಗೆ ಮಿನುಗದ ಕಪ್ಪು ಪೇಂಟ್ ಹೊಡೆಸಿ. 5,000 ನಿಟ್ಸ್ ಆಕಾಶದ ಜಾಗಕ್ಕೆ ಕಪ್ಪು ಚಾವಣಿ ಬಂದರೆ ಹೊಳಪು ಹತ್ತಾರು ಪಟ್ಟು ಇಳಿಯುತ್ತದೆ. ಇದಕ್ಕೆ ವಿದ್ಯುತ್ ಬೇಡ, ಸಾಫ್ಟ್‌ವೇರ್ ಬೇಡ, ವರ್ಷ ವರ್ಷ ಲೈಸೆನ್ಸ್ ದುಡ್ಡು ಬೇಡ. ಬಿಳಿ ಪೇಂಟ್ ಹೊಡೆಸಬೇಡಿ, ಕೆಳಗೆ ಟ್ಯೂಬ್‌ಲೈಟ್ ನೇತುಹಾಕಬೇಡಿ. ಎರಡೂ ಗಾಜಿನಲ್ಲಿ ಬಂದು ಕೂರುತ್ತವೆ. ಕಪ್ಪು ಪೇಂಟಿನಲ್ಲೂ ಒಂದು ವಿಷಯ ಇದೆ. ಕೆಲವು ಕಪ್ಪು ಬಣ್ಣಗಳು ಕಣ್ಣಿಗೆ ಮಾತ್ರ ಕಪ್ಪು, ಕ್ಯಾಮೆರಾಗಳು ಬಳಸುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಬೂದು. ಕಾರ್ಬನ್ ಬ್ಲ್ಯಾಕ್ ಇರುವ ಪೇಂಟ್ ಕೇಳಿ ತಗೊಳ್ಳಿ.

ಲಾರಿಯ ವಿಷಯ ಬೇರೆ, ನಿಮ್ಮಲ್ಲಿ ಲಾರಿಗಳೇ ಜಾಸ್ತಿ ಇರಬಹುದು. ಲಾರಿ ಮತ್ತು ಬಸ್ಸಿನ ಮುಂದಿನ ಗಾಜು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಅದೇ ಕಂಬದ ಕ್ಯಾಮೆರಾಗೆ ಆ ಗಾಜು ತೋರಿಸುವುದು ಆಕಾಶವನ್ನಲ್ಲ, ಲಾರಿಯ ಮುಂದೆ ಏಳೆಂಟು ಮೀಟರ್ ದೂರದ ನೆಲವನ್ನು. ಆ ನೆಲ ಬಿಸಿಲು ಬಿದ್ದ ಕಾಂಕ್ರೀಟ್ ಆಗಿದ್ದರೆ ಅದೂ ಹತ್ತಿರ ಹತ್ತಿರ 10,000 ನಿಟ್ಸ್, ನೀಲಿ ಆಕಾಶಕ್ಕಿಂತ ಜಾಸ್ತಿ. ಡಾಂಬರಾದರೆ ಮೂರರಲ್ಲೊಂದು ಪಾಲು. ಅಂದರೆ ಚಾವಣಿ ಗಾಡಿಯ ಮೇಲೆ ಮಾತ್ರ ಇದ್ದರೆ ಸಾಲದು, ಮುಂದಿನ ಏಳೆಂಟು ಮೀಟರ್ ನೆಲಕ್ಕೂ ನೆರಳು ಬೀಳಬೇಕು. ಅದು ಕಷ್ಟವಾದರೆ ಆ ತುಂಡು ನೆಲವನ್ನಾದರೂ ಡಾಂಬರು ಮಾಡಿಸಿ. ಟೋಲ್ ಪ್ಲಾಜಾ ಚಾವಣಿ ಕೆಳಗೆ ಬಂದ ಕೂಡಲೇ ಎದುರಿನ ಗಾಡಿಯ ಡ್ರೈವರ್ ಮುಖ ಸ್ಪಷ್ಟವಾಗಿ ಕಾಣುವುದನ್ನು ನೀವೂ ಗಮನಿಸಿರಬಹುದು. ಕಾರಣ ಇಷ್ಟೇ.

ಹೆದ್ದಾರಿಯಲ್ಲಿ ಎಲ್ಲ ಕಡೆ ಚಾವಣಿ ಹಾಕಲು ಆಗುವುದಿಲ್ಲ. ಅಲ್ಲಿ ಎರಡು ಉಪಾಯಗಳಿವೆ, ಪೋಲರೈಸರ್ ಮತ್ತು ಇನ್‌ಫ್ರಾರೆಡ್ ಫ್ಲ್ಯಾಶ್. ಪೋಲರೈಸರ್ ಎಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುವ ಫಿಲ್ಟರ್.

ಪೋಲರೈಸರ್‌ನ ಕಥೆ ಶುರುವಾಗಿದ್ದೇ ಕಿಟಕಿ ಗಾಜಿನ ಹೊಳಪಿನಿಂದ. 1808ರಲ್ಲಿ ಪ್ಯಾರಿಸ್‌ನಲ್ಲಿ ಎಟಿಯೆನ್ ಲೂಯಿ ಮಾಲ್ಯೂಸ್ ಎಂಬ ಎಂಜಿನಿಯರ್ ಒಂದು ಕ್ಯಾಲ್ಸೈಟ್ ಹರಳನ್ನು ಹಿಡಿದು ಲಕ್ಸಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆ ಸೂರ್ಯನನ್ನು ನೋಡಿದರು. ಹರಳನ್ನು ತಿರುಗಿಸಿದಂತೆ ಆ ಪ್ರತಿಬಿಂಬ ಹೆಚ್ಚುಕಡಿಮೆಯಾಯಿತು. ಗಾಜಿನಿಂದ ಓರೆಯಾಗಿ ಪುಟಿದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದು ಹೀಗೆ ತಿಳಿಯಿತು. 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಯಾವ ಕೋನದಲ್ಲಿ ಇದು ಪೂರ್ತಿಯಾಗಿ ನಡೆಯುತ್ತದೆ ಎಂಬ ನಿಯಮ ಕಂಡುಹಿಡಿದರು. ಗಾಜಿಗೆ ಆ ಕೋನ ಸುಮಾರು 57 ಡಿಗ್ರಿ, ಗಾಜಿಗೆ ನೆಟ್ಟಗೆ ಎಳೆದ ಗೆರೆಯಿಂದ ಅಳೆದರೆ. ಕಡಿಮೆ ಬೆಲೆಗೆ ಹಾಳೆಯ ರೂಪದಲ್ಲಿ ಪೋಲರೈಸರ್ ತಯಾರಿಸಿದ್ದು ಅಮೆರಿಕದ ಎಡ್ವಿನ್ ಲ್ಯಾಂಡ್, 1920ರ ದಶಕದ ಕೊನೆಯಲ್ಲಿ. ಎದುರಿನ ಕಾರಿನ ಹೆಡ್‌ಲೈಟ್ ಕಣ್ಣು ಕುಕ್ಕುವುದನ್ನು ತಡೆಯಬೇಕೆಂಬುದು ಅವರ ದೊಡ್ಡ ಆಸೆಯಾಗಿತ್ತು. ಹೆಡ್‌ಲೈಟಿಗೆ ಅದು ಬರಲಿಲ್ಲ. ತಂಪು ಕನ್ನಡಕಕ್ಕೂ ಕ್ಯಾಮೆರಾಗೂ ಬಂತು.

ಈ ಕೋನ ಎಷ್ಟು ಮುಖ್ಯ ಎಂಬುದಕ್ಕೆ ಮತ್ತೆ ನಿಮ್ಮ ಕಂಬಕ್ಕೇ ಹೋಗೋಣ. 25 ಡಿಗ್ರಿ ಎತ್ತರದ ಕ್ಯಾಮೆರಾಗೆ ಕಾರಿನ ಗಾಜು 35 ಡಿಗ್ರಿಯಲ್ಲಿ ಸಿಗುತ್ತದೆ. ಅಲ್ಲಿ ಗಾಜಿನ ಒಂದೊಂದು ಮೈಯ ಪ್ರತಿಫಲನ ಸರಾಸರಿ ಶೇ 4.6. ಪೋಲರೈಸರ್ ಹಾಕಿದರೆ ಶೇ 2.2 ಉಳಿಯುತ್ತದೆ. ಹೊಳಪು ಅರ್ಧಕ್ಕಿಳಿಯಿತು, ಅಷ್ಟೇ. ಈಗ ಕ್ಯಾಮೆರಾವನ್ನು ಎರಡೂವರೆ ಮೀಟರ್ ಎತ್ತರಕ್ಕೆ ಇಳಿಸಿ. ಗಾಜು 52 ಡಿಗ್ರಿಯಲ್ಲಿ ಸಿಗುತ್ತದೆ. ಪೋಲರೈಸರ್ ಇಲ್ಲದಿದ್ದರೆ ಹೊಳಪು ಮೊದಲಿಗಿಂತ ಜಾಸ್ತಿ, ಮೈಗೆ ಶೇ 6.5. ಪೋಲರೈಸರ್ ಹಾಕಿದ ಕೂಡಲೇ ಅದು ಶೇ 0.2ಕ್ಕೆ ಬೀಳುತ್ತದೆ. ಅದೇ ಫಿಲ್ಟರ್, ಅದೇ ಕ್ಯಾಮೆರಾ, ಜಾಗ ಮಾತ್ರ ಬೇರೆ. ಫಿಲ್ಟರ್ ಹಾಕಿಸಿದ್ವಿ, ಪ್ರಯೋಜನ ಆಗಲಿಲ್ಲ ಎನ್ನುವವರು ಬಹಳ ಜನ ಕೋನ ನೋಡಿರುವುದೇ ಇಲ್ಲ.

ಹಾಗಂತ ಕೆಳಗಿಳಿಸಿದರೆ ಎಲ್ಲವೂ ಸಲೀಸು ಅಂತಲ್ಲ. ಬಾನೆಟ್ ಅಡ್ಡ ಬಂದು ಮಡಿಲು ಕಾಣುವುದಿಲ್ಲ. ಗಾಜು ಬಾಗಿರುವುದರಿಂದ ಒಂದು ಕಡೆ ತಿಳಿಯಾದರೆ ಅಂಚಿನಲ್ಲಿ ಹೊಳಪು ಉಳಿಯುತ್ತದೆ. ಲಾರಿಯ ನೆಟ್ಟಗಿನ ಗಾಜು 20 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಕೋನದಲ್ಲಿ ಸಿಗುವುದರಿಂದ ಅದಕ್ಕೆ ಪೋಲರೈಸರ್ ಹೆಚ್ಚೇನೂ ಮಾಡುವುದಿಲ್ಲ. ಪಕ್ಕದ ಕಿಟಕಿಯನ್ನು ನೇರವಾಗಿ ಎದುರಿನಿಂದ ನೋಡಿದರೂ ಅಷ್ಟೇ. ಪಕ್ಕದ ಗಾಜು ಟಫನ್ ಮಾಡಿದ್ದಾಗಿರುವುದರಿಂದ ಪೋಲರೈಸರ್‌ನಲ್ಲಿ ಅದರ ಮೇಲೆ ಚುಕ್ಕಿ ಚುಕ್ಕಿ ಕಲೆ ಕಾಣಬಹುದು. ಅದನ್ನು ಕೊಳೆ ಎಂದುಕೊಂಡು ಉಜ್ಜಿಸಬೇಡಿ, ಗಾಜನ್ನು ಹದಮಾಡುವಾಗ ಉಳಿದ ಬಿಗಿತದ ಗುರುತು ಅದು. ಜೊತೆಗೆ ಪೋಲರೈಸರ್ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಾನೇ ನುಂಗುತ್ತದೆ. ಹಗಲಲ್ಲಿ ಇದು ಲೆಕ್ಕಕ್ಕಿಲ್ಲ, ಮುಸ್ಸಂಜೆಯಲ್ಲಿ ಗೊತ್ತಾಗುತ್ತದೆ.

ಸೆನ್ಸಾರ್ ಒಳಗೇ ಪೋಲರೈಸರ್ ಇರುವ ಕ್ಯಾಮೆರಾಗಳೂ ಇವೆ. ಸೋನಿ ಕಂಪನಿಯ ಒಂದು ಸೆನ್ಸಾರ್‌ನಲ್ಲಿ ನಾಲ್ಕು ನಾಲ್ಕು ಪಿಕ್ಸೆಲ್‌ಗಳ ಗುಂಪಿನ ಮೇಲೆ 0, 45, 90, 135 ಡಿಗ್ರಿ ದಿಕ್ಕಿನ ಅತಿ ಸಣ್ಣ ಲೋಹದ ಗೆರೆಗಳಿವೆ. ಚಿತ್ರದ ಪ್ರತಿ ಜಾಗದಲ್ಲೂ ಯಾವ ದಿಕ್ಕಿನಲ್ಲಿ ಹೊಳಪು ಕಡಿಮೆ ಎಂಬುದನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು. ಬಾಗಿದ ಗಾಜಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಚಿತ್ರದ ಸೂಕ್ಷ್ಮತೆ ಇಳಿಯುತ್ತದೆ, ಬೆಲೆ ಏರುತ್ತದೆ. ನಿಮ್ಮ ಗೇಟಿಗೆ ಅದರ ಅಗತ್ಯ ಕಾಣುವುದಿಲ್ಲ.

ಇನ್‌ಫ್ರಾರೆಡ್ ಫ್ಲ್ಯಾಶ್ ಹೆದ್ದಾರಿ ಕ್ಯಾಮೆರಾಗಳ ಜೀವಾಳ. ಅದರ ಹಿಂದೆ ಮೂರು ಸಂಗತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ.

ಒಂದು, ಸಮಯ. ಬಿಸಿಲು ಸದಾ ಒಂದೇ ಸಮ ಬೀಳುತ್ತಿರುತ್ತದೆ, ಫ್ಲ್ಯಾಶ್ ಕ್ಷಣದಲ್ಲಿ ಮುಗಿಯುತ್ತದೆ. ಸೆನ್ಸಾರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗ ತೆರೆದರೆ ಎಷ್ಟು ಬಿಸಿಲು ಬರುತ್ತದೋ, ಹತ್ತು ಸಾವಿರದಲ್ಲೊಂದು ಭಾಗ ತೆರೆದರೆ ಅದರ ಹತ್ತನೇ ಒಂದು ಪಾಲು ಮಾತ್ರ ಬರುತ್ತದೆ. ಆ ಚಿಕ್ಕ ಅವಧಿಯೊಳಗೇ ಫ್ಲ್ಯಾಶ್ ಪೂರ್ತಿ ಬೆಳಗಿ ಆರಿದರೆ ಅದರ ಬೆಳಕು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಎಲ್‌ಇಡಿಗಳಿಗೆ ಇಷ್ಟು ಚಿಕ್ಕ ಹೊತ್ತಿಗೆ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಕೊಡಬಹುದು, ಸುಟ್ಟುಹೋಗುವುದಿಲ್ಲ. ಗಾಡಿಯ ಓಟಕ್ಕೂ ಇದೇ ಮದ್ದು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ 2.8 ಸೆಂಟಿಮೀಟರ್ ಸರಿಯುತ್ತದೆ, ಬೆಲ್ಟಿನ ಅಂಚು ಕಲಸಿಹೋಗಲು ಅಷ್ಟು ಸಾಕು. ಹತ್ತು ಸಾವಿರದಲ್ಲೊಂದು ಭಾಗದಲ್ಲಿ 3 ಮಿಲಿಮೀಟರ್ ಕೂಡ ಸರಿಯುವುದಿಲ್ಲ. ಇದಕ್ಕೆ ಎಲ್ಲ ಸಾಲುಗಳನ್ನೂ ಒಟ್ಟಿಗೇ ತೆರೆಯುವ ಗ್ಲೋಬಲ್ ಶಟರ್ ಸೆನ್ಸಾರ್ ಬೇಕು. ಮಾಮೂಲಿ ಸಿಸಿಟಿವಿಯಲ್ಲಿ ಸಾಲು ಸಾಲಾಗಿ ತೆರೆಯುವ ರೋಲಿಂಗ್ ಶಟರ್ ಇರುತ್ತದೆ, ಫ್ಲ್ಯಾಶ್ ಅರ್ಧ ಚಿತ್ರಕ್ಕೆ ಮಾತ್ರ ಸಿಕ್ಕಿದ ಹಾಗಾಗುತ್ತದೆ.

ಎರಡು, ಬಣ್ಣ. ಲೆನ್ಸ್ ಮುಂದೆ ಫ್ಲ್ಯಾಶ್‌ನ ಅಲೆಯುದ್ದವನ್ನು ಮಾತ್ರ ಬಿಡುವ ಕಿರಿದಾದ ಫಿಲ್ಟರ್ ಹಾಕುತ್ತಾರೆ, ಸಾಮಾನ್ಯವಾಗಿ 850 ನ್ಯಾನೋಮೀಟರ್ ಸುತ್ತ. ಬಿಸಿಲಿನ ಉಳಿದ ಬಣ್ಣಗಳೆಲ್ಲ ಅಲ್ಲೇ ನಿಲ್ಲುತ್ತವೆ. 940 ನ್ಯಾನೋಮೀಟರ್ ಆರಿಸಿದರೆ ಇನ್ನೊಂದು ಲಾಭ ಇದೆ. ಗಾಳಿಯಲ್ಲಿರುವ ನೀರಾವಿ ಆ ಅಲೆಯುದ್ದದ ಬಿಸಿಲನ್ನು ಒಂದಷ್ಟು ಹೀರಿಕೊಂಡಿರುತ್ತದೆ, ಹಾಗಾಗಿ ಸೂರ್ಯನ ಪೈಪೋಟಿ ಕಡಿಮೆ. ಆದರೆ ಸಿಲಿಕಾನ್ ಸೆನ್ಸಾರ್‌ಗಳು 940ರಲ್ಲಿ ಮಂದ. ಅದಕ್ಕೇ ಹಗಲಿನ ದೂರದ ಕೆಲಸಕ್ಕೆ 850 ಹೆಚ್ಚು ಬಳಕೆಯಲ್ಲಿದೆ.

ಮೂರನೆಯದು ನನಗೆ ಬಹಳ ಇಷ್ಟದ ಸಂಗತಿ. ಆಕಾಶ ಯಾಕೆ ನೀಲಿ? ಗಾಳಿಯ ಅಣುಗಳು ಚಿಕ್ಕ ಅಲೆಯುದ್ದದ ಬೆಳಕನ್ನು ಜಾಸ್ತಿ ಚದುರಿಸುತ್ತವೆ, ಉದ್ದದ್ದನ್ನು ಕಡಿಮೆ. 850 ನ್ಯಾನೋಮೀಟರ್ ಬೆಳಕು ನೀಲಿಗಿಂತ ಸುಮಾರು ಹನ್ನೆರಡು ಪಟ್ಟು ಕಡಿಮೆ ಚದುರುತ್ತದೆ. ಅಂದರೆ ಇನ್‌ಫ್ರಾರೆಡ್ ಕ್ಯಾಮೆರಾಗೆ ತಿಳಿಯಾದ ಆಕಾಶ ಕಪ್ಪಗೆ ಕಾಣುತ್ತದೆ. ಆಕಾಶವೇ ಕಪ್ಪಾದ ಮೇಲೆ ಗಾಜಿನಲ್ಲಿ ಅದರ ಹೊಳಪೂ ಇಲ್ಲ. ಹೆದ್ದಾರಿ ಕ್ಯಾಮೆರಾಗೆ ಸಿಗುವ ದೊಡ್ಡ ಉಪಕಾರ ಇದು, ಪುಕ್ಕಟೆಯಾಗಿ. ಮೋಡಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ. ಮೋಡದ ಹನಿಗಳು ದೊಡ್ಡವು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತವೆ. ಇನ್‌ಫ್ರಾರೆಡ್‌ನಲ್ಲೂ ಮೋಡ ಬೆಳ್ಳಗೇ ಇರುತ್ತದೆ. ಜುಲೈ ತಿಂಗಳ ಬಿಳಿಮೋಡದ ಮಧ್ಯಾಹ್ನ ಏಪ್ರಿಲ್ ಬಿಸಿಲಿಗಿಂತ ಕಷ್ಟ ಕೊಡುವುದು ಇದಕ್ಕೇ.

ಫ್ಲ್ಯಾಶ್ ತಾನೇ ಗಾಜಿನಲ್ಲಿ ಹೊಳೆಯುವುದಿಲ್ಲವೇ ಎಂದು ಕೇಳಬಹುದು. ಮಲಗಿದ ಗಾಜು ಅದನ್ನು ಆಕಾಶದ ಕಡೆ ಎಸೆಯುತ್ತದೆ, ಕ್ಯಾಮೆರಾ ಕಡೆಗೆ ಅಲ್ಲ. ಹಾಗಾಗಿ ಲೆನ್ಸ್ ಪಕ್ಕದಲ್ಲೇ ಇಟ್ಟರೂ ನಡೆಯುತ್ತದೆ. ಕಾಣುವ ಬೆಳಕಿನ ಫ್ಲ್ಯಾಶ್ ಆಗಿದ್ದರೆ ಡ್ರೈವರ್ ಕಣ್ಣು ಕುಕ್ಕಿ ಅಪಘಾತ ಆಗಬಹುದಿತ್ತು, ಇನ್‌ಫ್ರಾರೆಡ್ ಆದ್ದರಿಂದ ಹಗಲಲ್ಲಿ ಅವರಿಗೆ ಗೊತ್ತೇ ಆಗುವುದಿಲ್ಲ.

ಇದಕ್ಕೂ ಎದುರಾಳಿ ಇದೆ, ಗಾಜು. ಶಾಖ ತಡೆಯುವ ಗಾಜುಗಳು ತಡೆಯುವುದೇ ಇನ್‌ಫ್ರಾರೆಡ್ ಅನ್ನು. ತುಸು ಹಸಿರು ಛಾಯೆಯ ಗಾಜಿನಲ್ಲಿರುವ ಕಬ್ಬಿಣದ ಅಂಶ 1,000 ನ್ಯಾನೋಮೀಟರ್ ಆಸುಪಾಸು ಬೆಳಕನ್ನು ಹೀರುತ್ತದೆ. ಬೆಳ್ಳಿಯ ತೆಳು ಲೇಪನವಿರುವ ದುಬಾರಿ ಕಾರಿನ ಗಾಜು ಅದನ್ನು ವಾಪಸ್ ಎಸೆಯುತ್ತದೆ. ಫ್ಲ್ಯಾಶ್ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ ಗಾಜು ದಾಟಬೇಕು. ಒಂದು ದಾಟುವಿಕೆಯಲ್ಲಿ ಮೂರರಲ್ಲೊಂದು ಪಾಲು ಉಳಿದರೆ, ಎರಡು ದಾಟಿದ ಮೇಲೆ ಉಳಿಯುವುದು ಒಂಬತ್ತರಲ್ಲೊಂದು. ಇನ್ನೊಂದು ಎಚ್ಚರಿಕೆ: ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ಮಾಮೂಲಿ ಪೋಲರೈಸರ್ ಕಾಣುವ ಬೆಳಕಿಗೆ ಮಾಡಿದ್ದು. 850 ನ್ಯಾನೋಮೀಟರ್‌ನಲ್ಲಿ ಅದು ಬರೀ ಗಾಜಿನ ಚೂರು. ಇನ್‌ಫ್ರಾರೆಡ್ ಜೊತೆ ಪೋಲರೈಸರ್ ಬೇಕೆಂದರೆ ಆ ಅಲೆಯುದ್ದಕ್ಕೇ ಮಾಡಿದ್ದನ್ನು ಕೇಳಿ ತರಿಸಬೇಕು.

ಇವೆಲ್ಲ ಸೇರಿದಾಗ ಏನು ಸಾಧ್ಯ ಎಂಬುದಕ್ಕೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ನೋಡಿ. ಡ್ರೈವರ್ ಕೈಯಲ್ಲಿ ಫೋನ್ ಇದೆಯಾ ಎಂದು ನೋಡುವ ಕ್ಯಾಮೆರಾಗಳನ್ನು ಅವರು 2019ರಲ್ಲಿ ಪರೀಕ್ಷಿಸಿ, 2020ರ ಮಾರ್ಚ್‌ನಿಂದ ದಂಡ ಹಾಕಲು ಶುರುಮಾಡಿದರು. 2024ರ ಜುಲೈ 1ರಿಂದ ಸೀಟ್ ಬೆಲ್ಟಿಗೂ ಅವೇ ಕ್ಯಾಮೆರಾ. ಎತ್ತರದಲ್ಲಿರುವ ಒಂದು ಲೆನ್ಸ್ ಗಾಜಿನ ಮೂಲಕ ಕೆಳಗೆ ಕೈಗಳತ್ತ ನೋಡುತ್ತದೆ, ಇನ್ನೊಂದು ನಂಬರ್ ಪ್ಲೇಟ್ ನೋಡುತ್ತದೆ. ಎರಡು ಕೆಲಸಕ್ಕೆ ಎರಡು ಲೆನ್ಸ್ ಇರುವುದು ಸರಿಯಾದ ಕ್ರಮ. ನಂಬರ್ ಪ್ಲೇಟ್ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವ ಹಾಳೆಯದ್ದು, ಒಳಗಿನವರಿಗೆ ಬೇಕಾದಷ್ಟು ಫ್ಲ್ಯಾಶ್ ಹೊಡೆದರೆ ಪ್ಲೇಟ್ ಬೆಳ್ಳಗಾಗಿಬಿಡುತ್ತದೆ. ನಮ್ಮ ಹತ್ತಿರದಲ್ಲೇ ಕೇರಳ 2023ರ ಜೂನ್‌ನಲ್ಲಿ 726 ಕ್ಯಾಮೆರಾಗಳ ಜಾಲವನ್ನು ದಂಡಕ್ಕೆ ಬಳಸಲು ಆರಂಭಿಸಿತು. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ 50 ಜಂಕ್ಷನ್‌ಗಳಲ್ಲಿ ಇಂಥ ವ್ಯವಸ್ಥೆ ಇದೆ.

ಜನರನ್ನು ಎಣಿಸುವುದಕ್ಕೆ ಇನ್ನೊಂದು ಜಾಣ ದಾರಿಯನ್ನು ಅಮೆರಿಕದ ಮಿನ್ನೆಸೋಟದಲ್ಲಿ 2000ದ ಹೊತ್ತಿಗೆ ತೋರಿಸಿದ್ದರು. ಮನುಷ್ಯನ ಚರ್ಮದಲ್ಲಿ ನೀರಿನ ಅಂಶ ಇರುವುದರಿಂದ 1,400 ನ್ಯಾನೋಮೀಟರ್ ದಾಟಿದ ಬೆಳಕಿನಲ್ಲಿ ಚರ್ಮ ಕಪ್ಪಗೆ ಕಾಣುತ್ತದೆ, ಅದಕ್ಕಿಂತ ಕೆಳಗೆ ಬೆಳ್ಳಗೆ. ಎರಡೂ ಚಿತ್ರ ತೆಗೆದು ಕಳೆದರೆ ಮುಖಗಳು ಎದ್ದು ಕಾಣುತ್ತವೆ, ಸೀಟು ಮತ್ತು ಮನುಷ್ಯರ ಬದಲು ಕೂರಿಸಿದ ಬೊಂಬೆ ಮರೆಯಾಗುತ್ತವೆ. ಮೈಬಣ್ಣ ಯಾವುದಾದರೂ ಇದು ನಡೆಯುತ್ತದೆ. ಆದರೆ ಆ ಸೆನ್ಸಾರ್ ಸಿಲಿಕಾನ್‌ನದ್ದಲ್ಲ, ಬೆಲೆ ಲಕ್ಷಗಳಲ್ಲಿ. ಗೇಟಿಗೆ ಬೇಡ.

ಈಗ ಎಐ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಸ್ಪಷ್ಟವಾದ ಚಿತ್ರದಲ್ಲಿ ಬೆಲ್ಟ್ ಇದೆಯಾ ಎಂದು ಹುಡುಕಲು ಎಐ ಚೆನ್ನಾಗಿ ಕೆಲಸ ಮಾಡುತ್ತದೆ. ಸಾವಿರಾರು ಗಾಡಿಗಳನ್ನು ಮನುಷ್ಯರೇ ಕೂತು ನೋಡಲು ಆಗುವುದಿಲ್ಲ. ಆದರೆ ಬೆಳ್ಳಗಾದ ಚಿತ್ರವನ್ನು ಸರಿ ಮಾಡುವ ಎಐ ಬೇರೆ ಜಾತಿಯದು. ಬಿಳಿ ಪಿಕ್ಸೆಲ್‌ನಲ್ಲಿ ಮಾಹಿತಿ ಇಲ್ಲ. ಅಲ್ಲಿ ಅಂಗಿ, ಬೆಲ್ಟ್, ಮುಖ ಕಾಣಿಸಿದರೆ ಅದು ತರಬೇತಿಯಲ್ಲಿ ನೋಡಿದ ಬೇರೆ ಯಾರದೋ ಚಿತ್ರಗಳಿಂದ ಊಹಿಸಿ ಬರೆದದ್ದು. ಆ ಊಹೆಯ ಮೇಲೆ ಒಬ್ಬ ಡ್ರೈವರ್‌ಗೆ ದಂಡ ಹಾಕುವುದಾಗಲಿ, ಕೆಲಸದಲ್ಲಿ ಮೆಮೊ ಕೊಡುವುದಾಗಲಿ ಅನ್ಯಾಯ. ನ್ಯೂ ಸೌತ್ ವೇಲ್ಸ್‌ನಲ್ಲಿ ಎಐ ಆರಿಸಿದ ಚಿತ್ರವನ್ನು ತರಬೇತಿ ಪಡೆದ ಮನುಷ್ಯರು ನೋಡಿದ ನಂತರವೇ ದಂಡ. ನಿಮ್ಮಲ್ಲೂ ಹಾಗೇ ಇರಲಿ. ಕಪ್ಪು ಅಂಗಿ ಮೇಲೆ ಕಪ್ಪು ಬೆಲ್ಟ್ ಹಾಕಿದವರ ಚಿತ್ರ ಅನುಮಾನಕ್ಕೆ ಬಂದರೆ ಆ ಅನುಮಾನದ ಲಾಭ ಅವರಿಗೇ ಸಿಗಲಿ.

ಅಂದಹಾಗೆ, ನಿಮಗೇ ಹೆದ್ದಾರಿಯಿಂದ ಅಂಥ ನೋಟಿಸ್ ಬಂದರೆ ಸುಮ್ನೆ ಕಟ್ಟಿಬಿಡಬೇಡಿ, ಚಿತ್ರ ತೆರೆದು ನೋಡಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ಪ್ರಕರಣದ ನೋಟಿಸನ್ನು 15 ದಿನದೊಳಗೆ ಕಳಿಸಬೇಕು, ತಪ್ಪು ಮತ್ತು ನಂಬರ್ ಪ್ಲೇಟ್ ತೋರಿಸುವ ಚಿತ್ರದ ಸಾಕ್ಷ್ಯ ಇರಬೇಕು. ಗಾಜು ಬೆಳ್ಳಗಿರುವ ಚಿತ್ರದಲ್ಲಿ ಬೆಲ್ಟ್ ಇಲ್ಲ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ.

ಗಾಜಿನ ಕಪ್ಪು ಫಿಲ್ಮ್ ಬಗ್ಗೆಯೂ ಒಂದು ಮಾತು. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದವು ಶೇ 50 ಬೆಳಕು ಬಿಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಲ್ಲಿಸಿತು. ಈ ಅಳತೆಗಳೆಲ್ಲ ಕಾಣುವ ಬೆಳಕಿನವು. ಹಾಗಾಗಿ ನಿಯಮ ಪಾಲಿಸಿದ ಗಾಜೂ ಇನ್‌ಫ್ರಾರೆಡ್ ಕ್ಯಾಮೆರಾಗೆ ಕತ್ತಲಾಗಿರಬಹುದು.

ಧೂಳಿಗೆ ಮಾತ್ರ ಯಾವ ತಂತ್ರವೂ ಇಲ್ಲ. ಗಾಜಿನ ಮೇಲಿನ ಧೂಳಿನ ಮೇಲೆ ನೇರ ಬಿಸಿಲು ಬಿದ್ದರೆ ಅದು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ, ಪೋಲರೈಸರ್ ಅದನ್ನು ತಡೆಯಲಾರದು. ಚಾವಣಿಯ ನೆರಳೇ ಗತಿ. ಸೂರ್ಯನೇ ನೇರವಾಗಿ ಗಾಜಿನಲ್ಲಿ ಹೊಳೆದರೂ ಹಾಗೆಯೇ. 160 ಕೋಟಿ ನಿಟ್ಸ್ ಇರುವ ಸೂರ್ಯನ ಶೇ 8 ಭಾಗವನ್ನು ಯಾವ ಸೆನ್ಸಾರೂ ತಾಳುವುದಿಲ್ಲ. ಕ್ಯಾಮೆರಾ ಜಾಗ ಬದಲಿಸುವುದೊಂದೇ ದಾರಿ.

ಈಗ ನಿಮ್ಮ ಗೇಟಿಗೆ. ಒಂದು ಪೋಲರಾಯ್ಡ್ ತಂಪು ಕನ್ನಡಕ ತಗೊಳ್ಳಿ. ಮಧ್ಯಾಹ್ನ ಏಣಿ ಹತ್ತಿ ಕ್ಯಾಮೆರಾ ಇರುವ ಜಾಗದಿಂದ ಒಂದು ಕಾರು, ಒಂದು ಲಾರಿಯನ್ನು ನೋಡಿ. ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಹೊಳಪು ಚೆನ್ನಾಗಿ ಇಳಿದರೆ ಪೋಲರೈಸರ್ ನಿಮಗೆ ಉಪಯೋಗ. ಇಳಿಯದಿದ್ದರೆ ಎತ್ತರ ಬದಲಿಸಿ ಮತ್ತೆ ನೋಡಿ. ಆಮೇಲೆ ಗಾಡಿಯ ಮೇಲೆ ಇಬ್ಬರು ಒಂದು ಕಪ್ಪು ಟಾರ್ಪಾಲ್ ಹಿಡಿದು ನಿಲ್ಲಲಿ. ಒಳಗಿನವರು ಕಂಡರೆ ಚಾವಣಿಗೆ ಹೇಳಿ. ಚಾವಣಿ ಬಂದ ಮೇಲೆ ಈಗಿರುವ ಕ್ಯಾಮೆರಾದಲ್ಲೇ ಎಕ್ಸ್‌ಪೋಶರ್ (ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕೆಂಬ ಸೆಟ್ಟಿಂಗ್) ಅನ್ನು ಗಾಜಿನ ಭಾಗಕ್ಕೆ ಹೊಂದಿಸಿ. ನಂಬರ್ ಪ್ಲೇಟಿಗೆ ಬೇರೆ ಕ್ಯಾಮೆರಾ ಇಡಿ. ಇಷ್ಟಕ್ಕೆ ಬಹುಪಾಲು ಕೆಲಸ ಆಗಬೇಕು.

ಆಮೇಲೂ ಸಾಲದಿದ್ದರೆ 850 ನ್ಯಾನೋಮೀಟರ್ ಫ್ಲ್ಯಾಶ್, ಅದಕ್ಕೆ ಹೊಂದುವ ಫಿಲ್ಟರ್, ಗ್ಲೋಬಲ್ ಶಟರ್ ಕ್ಯಾಮೆರಾ ಮೂರನ್ನೂ ಒಟ್ಟಿಗೆ ಕೊಡುವವರನ್ನು ಕರೆಸಿ. ಒಂದನ್ನು ಬಿಟ್ಟು ಉಳಿದೆರಡು ತಗೊಂಡರೆ ದುಡ್ಡು ದಂಡ. ಡೆಮೊವನ್ನು ಅವರ ಆಫೀಸಿನಲ್ಲಿ ನೋಡಬೇಡಿ, ನಿಮ್ಮ ಗೇಟಿನಲ್ಲಿ ನೋಡಿ. ಬೆಳಗ್ಗೆ ಎಂಟಕ್ಕೆ, ನಡು ಮಧ್ಯಾಹ್ನ, ಸಂಜೆ ಐದಕ್ಕೆ, ಜೊತೆಗೆ ಬಿಳಿಮೋಡ ಕವಿದ ಒಂದು ದಿನ. ಧೂಳು ಹಿಡಿದ ಲಾರಿ ಒಂದು, ಹೊಸ ಕಾರು ಒಂದು. ಡ್ರೈವರ್ ಕಪ್ಪು ಅಂಗಿ ಹಾಕಿ, ಒಮ್ಮೆ ಬೆಲ್ಟ್ ಹಾಕಿ, ಒಮ್ಮೆ ಬಿಚ್ಚಿ ಕೂರಲಿ. ಯಾವುದು ಯಾವುದೆಂದು ಹೇಳದೆ ಆ ಚಿತ್ರಗಳನ್ನು ಗೇಟಿನ ಹುಡುಗರಿಗೆ ತೋರಿಸಿ. ಅವರು ಸರಿಯಾಗಿ ಹೇಳಿದರೆ ಆರ್ಡರ್ ಕೊಡಿ.